ಬೋರ್ಡಿನ ಮುಂದೆ ಹತ್ತು ನಿಮಿಷ

ಆಸೊ, ಕುಮಾಮೊತೊ, ಜಪಾನ್
14 ಅಕ್ಟೋಬರ್ 2025

ಆರತಿ ವೈನಿಗೆ,

ನೀವು ನನ್ನ ನಂಬರನ್ನು ಬ್ಲಾಕ್ ಮಾಡಿ ಎರಡೂವರೆ ವರ್ಷವಾಯಿತು. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲ ಎಂಬ ಒಂದೇ ಧೈರ್ಯದಿಂದ ಬರೆಯುತ್ತಿದ್ದೇನೆ. ಕ್ಷೇಮ ವಿಚಾರಿಸುವ ಹಕ್ಕನ್ನು ಕಳೆದುಕೊಂಡಿದ್ದೇನೆ, ಹಾಗಾಗಿ ವಿಚಾರಿಸುವುದಿಲ್ಲ. ಹರಿದುಹಾಕುವ ಮೊದಲು ಒಂದು ಸಲ ಓದಿ. ಇದರಲ್ಲಿ ಅಣ್ಣನ ವಿಷಯವಿದೆ.

2022ರ ನವೆಂಬರಿನಲ್ಲಿ ಅವನು ಆಫೀಸಿನ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದನಲ್ಲ, ಕೊನೆಯ ಎರಡು ದಿನ ಗುಡ್ಡದ ಮೇಲಿನ ಬಿಸಿನೀರಿನ ಬುಗ್ಗೆಯ ಊರಿನಲ್ಲಿ ತಂಗಿದ್ದ. ವಾಪಸು ಬಂದಾಗ ನನಗೊಂದು ತೆಳ್ಳನೆಯ ಟವೆಲ್ಲು ಕೊಟ್ಟ. ಬಿಳಿ ಬಟ್ಟೆ, ನೀಲಿ ಅಕ್ಷರ, ಒಂದು ಫೋನ್ ನಂಬರು. ಮೂರು ವರ್ಷ ಓಕ್ಲ್ಯಾಂಡಿನ ನನ್ನ ಅಡುಗೆಮನೆಯಲ್ಲಿ ಅದರಿಂದ ಪಾತ್ರೆ ಒರೆಸಿದೆ. ಈ ಬೇಸಿಗೆಯಲ್ಲಿ ಮನೆಗೆ ಬಂದಿದ್ದ ಲ್ಯಾಬಿನ ಗೆಳತಿಯೊಬ್ಬಳು, ಜಪಾನಿನವಳು, ಅದನ್ನು ನೋಡಿ ‘ಇದು ವಸತಿಮನೆಯ ಹೆಸರು’ ಅಂದಳು. ಹೋಗಬೇಕೆನ್ನಿಸಿತು. ಯಾಕೆಂದು ಕೇಳಬೇಡಿ. ಒಂದೂವರೆ ಗಂಟೆ ದೂರದ ಗಿಲ್‌ರಾಯ್‌ಗೆ ಬರಲಾರದವಳು ಜಪಾನಿಗೆ ಬಂದೆ, ಅಷ್ಟೆ.

ನಿನ್ನೆ ಕುಮಾಮೊತೊದ ಕೋಟೆಗೆ ಹೋಗಿದ್ದೆ. ಒಂಬತ್ತು ವರ್ಷದ ಹಿಂದಿನ ಭೂಕಂಪದಲ್ಲಿ ಅದರ ಗೋಡೆಗಳು ಬಿದ್ದಿವೆ. ಬಿದ್ದ ಕಲ್ಲುಗಳನ್ನು ಮೈದಾನದಲ್ಲಿ ಸಾಲಾಗಿ ಹರಡಿ, ಪ್ರತಿಯೊಂದಕ್ಕೂ ನಂಬರು ಹಾಕಿದ್ದಾರೆ. ಯಾವ ಕಲ್ಲು ಎಲ್ಲಿತ್ತೋ ಅಲ್ಲೇ ಹೋಗಬೇಕಂತೆ. ಮುಗಿಯಲು ಇನ್ನೂ ಇಪ್ಪತ್ತೈದು ವರ್ಷಕ್ಕಿಂತ ಹೆಚ್ಚು ಬೇಕು. ನೋಡಲು ಬಂದವರು ಎತ್ತರಿಸಿದ ದಾರಿಯ ಮೇಲೆ ನಿಂತು ಕೋಟೆಯ ಫೋಟೊ ತೆಗೆಯುತ್ತಿದ್ದರು. ನಾನು ಕಲ್ಲುಗಳನ್ನು ನೋಡಿದೆ. ನಮ್ಮಲ್ಲಾಗಿದ್ದರೆ ಹೊಸ ಗೋಡೆ ಕಟ್ಟಿ ಬಣ್ಣ ಬಳಿಯುತ್ತಿದ್ದೆವು ಅನ್ನಿಸಿತು. ‘ನಮ್ಮಲ್ಲಿ’ ಎಂದರೆ ಎಲ್ಲಿ ಎಂದು ಆಮೇಲೆ ಯೋಚಿಸಿದೆ.

ಈ ವಸತಿಮನೆಗೆ ಎಂಟು ಕೋಣೆ. ನಡೆಸುವವಳು ಎಪ್ಪತ್ತೈದು ದಾಟಿದ ಅಜ್ಜಿ. ನಮ್ಮ ನಡುವೆ ಅವಳ ಫೋನು ಮಾತಾಡುತ್ತದೆ. ಬಂದ ಕೂಡಲೇ ಅವರು ಕೊಟ್ಟ ಹತ್ತಿಯ ನಿಲುವಂಗಿ ಹಾಕಿಕೊಂಡು ಹೊರಗೆ ಬಂದೆ. ಅಜ್ಜಿ ಹತ್ತಿರ ಬಂದು, ನಡುಪಟ್ಟಿ ಬಿಚ್ಚಿ, ಬಲದ ಅಂಚನ್ನು ಒಳಗೆ ಸೇರಿಸಿ ಎಡದ್ದನ್ನು ಮೇಲೆ ತಂದು ಮತ್ತೆ ಕಟ್ಟಿದಳು. ನಾನು ತಿರುವುಮುರುವು ಮಾಡಿದ್ದೆ. ಹಾಗೆ ಕಟ್ಟುವುದು ಸತ್ತವರಿಗೆ ಎಂದು ಫೋನು ಹೇಳಿತು. ಅದರ ದನಿಯಲ್ಲಿ ಯಾವ ಭಾವವೂ ಇರಲಿಲ್ಲ.

ಬಚ್ಚಲಲ್ಲಿ ಎಲ್ಲ ಹೆಂಗಸರೂ ಬೆತ್ತಲೆ. ನಾನು ಕಲಬುರಗಿಯವಳು, ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಸಾರಿನಲ್ಲಿ ಮೀನು, ಸೊಪ್ಪಿನಲ್ಲಿ ಮೀನಿನ ಪುಡಿ. ಮೀನು ತಿನ್ನುವುದಿಲ್ಲ ಎಂದು ಫೋನಿನಿಂದ ಹೇಳಿಸಿದೆ. ಅಜ್ಜಿ ನನ್ನ ಮುಖ ನೋಡಿ ಒಳಗೆ ಹೋಗಿ, ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಪ್ಲಾಸ್ಟಿಕ್ ಡಬ್ಬಿ, ಕೆಂಪು ಮುಚ್ಚಳ. ಮೇಲೆ ಅಂಟಿಸಿದ ಚೀಟಿಯಲ್ಲಿ ನಿಮ್ಮ ಅಕ್ಷರ: ‘ಶೇಂಗಾ ಹಿಂಡಿ’. ಈಗ ಅದರಲ್ಲಿ ಹಲ್ಲುಕಡ್ಡಿ ಇಡುತ್ತಾಳೆ. ಮೂರು ವರ್ಷದ ಹಿಂದೆ ಒಬ್ಬ ಗಂಡಸು ಇದೇ ರೀತಿ ಮೀನು ಬೇಡವೆಂದು, ಈ ಡಬ್ಬಿಯಿಂದ ಪುಡಿ ಹಾಕಿಕೊಂಡು ಬರೀ ಅನ್ನ ತಿಂದನಂತೆ. ಹೋಗುವಾಗ ಡಬ್ಬಿಯನ್ನು ಅವಳಿಗೇ ಕೊಟ್ಟನಂತೆ.

ಆ ಚೀಟಿಯ ಮೇಲೆ ಬೆರಳಾಡಿಸಿದೆ. ಅಜ್ಜಿ ಮತ್ತೆ ಒಳಗೆ ಹೋಗಿ ಒಂದು ದಪ್ಪ ನೋಟ್‌ಬುಕ್ಕು ತಂದಳು. ಬಂದವರೆಲ್ಲ ಅದರಲ್ಲಿ ತಮಗೆ ಅನ್ನಿಸಿದ್ದನ್ನು ಬರೆಯಬೇಕು, ತಮ್ಮ ಲಿಪಿಯಲ್ಲೇ, ಒಳ್ಳೆಯದು ಕೆಟ್ಟದ್ದು ಎರಡನ್ನೂ. ಅದು ಅವಳ ಪದ್ಧತಿ. ಪುಟ ತಿರುಗಿಸಿ ತೋರಿಸಿದಳು. ಅಣ್ಣನ ಕನ್ನಡ. ಎರಡು ಪುಟ. ಕೆಳಗೆ ‘ಕೇದಾರ, ಗಿಲ್‌ರಾಯ್’.

ಅದು ಏನೆಂದು ತಿಳಿಯಲು ಅವಳು ಎಷ್ಟೋ ಸಲ ಫೋನು ಹಿಡಿದಿದ್ದಾಳೆ. ಫೋನು ‘ಸಹೋದರಿ, ಹಲಗೆ, ಕುದಿಯುವ ಮೀನು’ ಎಂದಿದೆ. ಈಗ ಓದಬಲ್ಲವಳು ಸಿಕ್ಕಿದ್ದೇನೆ. ಎದುರು ಮಂಡಿಯೂರಿ ಕೂತು ಕಾದಳು. ನಾನು ಪೂರ್ತಿ ಓದಿದೆ. ಮುಗಿದಾಗ ಬೆರಳುಗಳಲ್ಲಿ ರಕ್ತವೇ ಇರಲಿಲ್ಲ.

‘ಊಟ ಚೆನ್ನಾಗಿತ್ತು ಅಂತ ಬರೆದಿದ್ದಾನೆ’ ಅಂದೆ.

ವೈನಿ, ಅಣ್ಣ ತೀರಿಕೊಂಡ ಮೇಲೆ ಅವನ ದಿನದ ಕಾರ್ಯದಂದು ನಿಮ್ಮ ಮನೆಯ ಹಾಲಿನಲ್ಲಿ ನಲವತ್ತು ಜನರ ಮುಂದೆ ನಾನು ಕೇಳಿದ ಮಾತು ನಿಮಗೆ ನೆನಪಿದೆ. ‘ಒಂದ ಮನ್ಯಾಗ ಇದ್ದು ನಿಮಗ ಗೊತ್ತಾಗಲಿಲ್ಲೇನ್ರಿ?’ ಕೈಯಲ್ಲಿ ಅವನ ಎದೆಯ ರಿಪೋರ್ಟು ಹಿಡಿದುಕೊಂಡಿದ್ದೆ. ಕಾರಿನ ಖಾನೆಯಲ್ಲಿ ಸಿಕ್ಕಿದ್ದು, ಅವನು ಹೋಗುವ ಐದು ತಿಂಗಳ ಮೊದಲಿನದು. ನೀವು ಉತ್ತರ ಕೊಡಲಿಲ್ಲ. ಆ ಮೌನವನ್ನು ನಾನು ಒಪ್ಪಿಗೆ ಎಂದುಕೊಂಡೆ.

ಈಗ ಇಷ್ಟೇ ಬರೆಯಬಲ್ಲೆ. ಕಾಶವ್ವ ಅತ್ತಿ ಮೊಣಕಾಲಿನ ಎಕ್ಸ್‌ರೇ ಫೋಟೊ ಕಳಿಸಿ ‘ನೋಡಿ ಹೇಳವಾ’ ಅಂದಿದ್ದಾಳೆ. ಊರಿನ ರಿಪೋರ್ಟುಗಳು ಇಲ್ಲಿಗೂ ಬರುತ್ತವೆ. ಇದೊಂದಕ್ಕೆ ನಾನು ಉತ್ತರ ಕೊಟ್ಟಿಲ್ಲ.

ದೀಪಾಲಿ


ಗಿಲ್‌ರಾಯ್
27 ಅಕ್ಟೋಬರ್ 2025

ದೀಪಾಲಿಗೆ,

ಕಾಗದ ಬಂತು. ಹರಿಯಲಿಲ್ಲ.

ಡೇಕೇರಿನ ಮಕ್ಕಳು ಮಲಗಿದ್ದಾರೆ. ಆರು ಮಕ್ಕಳು, ನಲವತ್ತು ನಿಮಿಷ. ಅಷ್ಟರಲ್ಲಿ ಬರೆದು ಮುಗಿಸಬೇಕು.

ಡಬ್ಬಿ ನನ್ನದೇ. ಅದು ಎಲ್ಲಿ ಹೋಯಿತೆಂದು ನಿನ್ನಣ್ಣನನ್ನು ಮೂರು ಸಲ ಕೇಳಿದ್ದೆ. ‘ವಿಮಾನದಾಗ ಮರತೆ’ ಅಂದಿದ್ದರು. ಯಾರಿಗೋ ಕೊಟ್ಟೆ ಅಂದರೆ ನಾನು ಬೈಯುತ್ತೇನೆಂದು. ನನಗೆ ಗೊತ್ತಿರುವ ಮಟ್ಟಿಗೆ ಅವರು ನನಗೆ ಹೇಳಿದ ಸುಳ್ಳು ಅದೊಂದೇ.

ಎರಡು ಪುಟವನ್ನೂ ನಕಲು ಮಾಡಿ ಕಳಿಸು. ಫೋಟೊ ಬೇಡ. ಅವರ ಅಕ್ಷರ ನೋಡುವ ಶಕ್ತಿ ನನಗಿನ್ನೂ ಬಂದಿಲ್ಲ. ನಿನ್ನ ಅಕ್ಷರವಾದರೆ ನೋಡಬಲ್ಲೆ. ಅನಿಕೇತನ ಫೋನಿಗೂ ಕಳಿಸಬೇಡ. ಅವನಿಗೆ ಕನ್ನಡ ಓದಲು ಬಾರದು, ಆ ಅಜ್ಜಿಯ ಹಾಗೆ ಮಷೀನಿಗೆ ತೋರಿಸುತ್ತಾನೆ. ಅವನಪ್ಪನ ಮಾತು ಕುದಿಯುವ ಮೀನಾಗಿ ಅವನಿಗೆ ಸಿಗುವುದು ಬೇಡ.

ಒಂದಕ್ಷರವನ್ನೂ ಬಿಡಬೇಡ.

ಆರತಿ


ಓಕ್ಲ್ಯಾಂಡ್
11 ನವೆಂಬರ್ 2025

ವೈನಿಗೆ,

ನೀವು ಬರೆದಿರಿ ಎಂಬುದೇ ದೊಡ್ಡದು. ಮನೆಗೆ ಬಂದು ಒಂದು ವಾರದ ಮೇಲೆ ಲಕೋಟೆ ಸಿಕ್ಕಿತು. ನೋಟ್‌ಬುಕ್ಕಿನಿಂದ ನಾನು ಬರೆದುಕೊಂಡು ಬಂದದ್ದನ್ನು ಇಲ್ಲಿ ಇಳಿಸಿದ್ದೇನೆ.

‘19 ನವೆಂಬರ್ 2022. ನಿನ್ನ ಭಾಷೆಯಲ್ಲೇ ಬರಿ ಎಂದು ಅಜ್ಜಿ ಹಟ ಹಿಡಿದಿದ್ದಾಳೆ. ಕನ್ನಡದಲ್ಲಿ ಪೆನ್ನು ಹಿಡಿದು ಯಾವ ಕಾಲವಾಯಿತೋ. ಇಲ್ಲಿ ಇದನ್ನು ಓದುವವರು ಯಾರೂ ಬರುವುದಿಲ್ಲ, ಆದ್ದರಿಂದ ನಿಜ ಬರೆಯುತ್ತೇನೆ.

‘ಕೆಟ್ಟದ್ದು ಮೊದಲು. ಎಲ್ಲದರಲ್ಲೂ ಮೀನು. ದಿಂಬಿನೊಳಗೆ ಕಾಳಿನ ಹೊಟ್ಟು ತುಂಬಿದ್ದಾರೆ, ತಲೆ ತಿರುಗಿಸಿದರೆ ಕಿವಿಯಲ್ಲಿ ಯಾರೋ ಶೇಂಗಾ ಸುಲಿದಂತೆ ಕೇಳುತ್ತದೆ. ಪಾಯಿಖಾನೆಗೆಂದೇ ಇಟ್ಟ ಚಪ್ಪಲಿಯನ್ನು ಹಾಕಿಕೊಂಡು ಊಟದ ಕೋಣೆಗೆ ಹೋದೆ. ಎಲ್ಲರೂ ನೋಡಿದರು, ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

‘ಒಳ್ಳೆಯದು. ಹಾಸಿಗೆ ನೆಲದ ಮೇಲೆ. ಕಿಟಕಿಯಿಂದ ಹುಲ್ಲಿನ ಗುಡ್ಡ, ಮೇಲೆ ಹೊಗೆ. ಬಾಗಿಲು ಸರಿಸಿದರೆ ಸದ್ದಿಲ್ಲ. ಬಿಸಿನೀರಿನಲ್ಲಿ ಕೂತಾಗ ಜಗಳವಾಡಿದವರ ಹೆಸರುಗಳು ಮರೆತುಹೋದವು. ಆಫೀಸಿನವರದ್ದೂ ಮರೆತಿದ್ದರೆ ಇನ್ನೂ ಚೆನ್ನಾಗಿತ್ತು.

‘ಇವತ್ತು ಆಸೊ ಬೆಟ್ಟದ ಮೇಲೆ ಹೋಗಿದ್ದೆ. ಜ್ವಾಲಾಮುಖಿಯ ಬಾಯಿಯವರೆಗೂ ಬಿಡುತ್ತಾರೆ. ಅದಕ್ಕೆ ಮೊದಲು ಒಂದು ಬೋರ್ಡು. ಗಾಳಿಯಲ್ಲಿ ವಿಷವಿದೆ, ಉಬ್ಬಸ ಇದ್ದವರು, ಹೃದಯದ ತೊಂದರೆ ಇದ್ದವರು ಮುಂದೆ ಹೋಗಬಾರದು. ಇಂಗ್ಲಿಷಿನಲ್ಲೂ ಬರೆದಿದ್ದಾರೆ, ಓದಲಿಲ್ಲ ಎನ್ನುವಂತಿಲ್ಲ. ಬೋರ್ಡಿನ ಮುಂದೆ ಹತ್ತು ನಿಮಿಷ ನಿಂತೆ. ಆಮೇಲೆ ಮೇಲೆ ಹೋದೆ. ಕೆಳಗೆ ಹಸಿರು ನೀರು ಕುದಿಯುತ್ತಿತ್ತು. ಅಂಥ ಹಸಿರನ್ನು ಮನೆಯಲ್ಲಿ ಯಾವುದಕ್ಕೆ ಹೋಲಿಸಿ ಹೇಳಬೇಕೆಂದು ಬಸ್ಸಿನಲ್ಲಿ ಇಳಿಯುವಾಗಲೂ ಯೋಚಿಸುತ್ತಿದ್ದೆ.

‘ಆರತಿ ಇರಬೇಕಿತ್ತು. ಡೇಕೇರಿಗೆ ಒಂದು ವಾರ ರಜೆ ಹಾಕಿಸಿ ಕರೆತರುತ್ತೇನೆ. ಇದೇ ಕೋಣೆ. ಕೇದಾರ, ಗಿಲ್‌ರಾಯ್.’

ಇಷ್ಟು.

ನಾನು ಹೋದ ದಿನ ಗಾಳಿ ಕೆಟ್ಟಿದೆಯೆಂದು ಬೆಟ್ಟದ ದಾರಿ ಮುಚ್ಚಿದ್ದರು. ಬೋರ್ಡಿನವರೆಗೂ ಬಿಡಲಿಲ್ಲ. ಕೆಳಗಿನ ಹುಲ್ಲುಗಾವಲಿನಲ್ಲಿ ಕುದುರೆಗಳನ್ನು ನೋಡಿ ಬಂದೆ.

ದೀಪಾಲಿ


ಗಿಲ್‌ರಾಯ್
24 ನವೆಂಬರ್ 2025

ದೀಪಾಲಿಗೆ,

ಓದಿದೆ. ನಾಲ್ಕು ದಿನ ಬಿಟ್ಟು ಮತ್ತೆ ಓದಿದೆ. ದಿಂಬಿನ ಮಾತು ಓದುವಾಗ ಅವರ ದನಿ ಕೇಳಿಸಿತು. ಅದಕ್ಕಾಗಿ ನಿನಗೆ ಋಣಿ.

ಆದರೆ ನಿನ್ನಣ್ಣನ ಜೊತೆ ಇಪ್ಪತ್ತಾರು ವರ್ಷ ಬಾಳಿದ್ದೇನೆ. ಫ್ರೀವೇಯಲ್ಲಿ ಒಂದು ಎಕ್ಸಿಟ್ ತಪ್ಪಿದರೂ ಮನೆಗೆ ಬಂದು, ಯಾಕೆ ತಪ್ಪಿತು, ಮುಂದೆ ಯಾವ ಟ್ರಕ್ಕಿತ್ತು, ಟ್ರಕ್ಕಿನಲ್ಲಿ ಏನಿತ್ತು ಎಂದು ಬೆಳ್ಳುಳ್ಳಿಯ ಚೀಲದವರೆಗೆ ಹೇಳುವ ಮನುಷ್ಯ. ‘ಹತ್ತು ನಿಮಿಷ ನಿಂತೆ. ಆಮೇಲೆ ಮೇಲೆ ಹೋದೆ.’ ಯಾಕೆ ಹೋದೆ ಎಂದು ಹೇಳದೆ ಅವರು ಮೇಲೆ ಹೋಗುವುದಿಲ್ಲ.

ಇನ್ನೊಂದು. ‘ನಿಂತೆ’ ಎಂಬ ಮಾತಿನ ಮುಂದಿನ ಚುಕ್ಕೆ ಉಳಿದವಕ್ಕಿಂತ ದಪ್ಪವಾಗಿದೆ. ನಿನ್ನ ಪೆನ್ನು ಅಲ್ಲಿ ನಿಂತಿದೆ.

ನಾನು ಡೇಕೇರ್ ನಡೆಸುವವಳು. ಬಾಯಲ್ಲಿ ಏನೋ ಇಟ್ಟುಕೊಂಡು ‘ಏನಿಲ್ಲ’ ಎಂದು ತಲೆ ಆಡಿಸುವ ಮಕ್ಕಳನ್ನು ದಿನವೂ ನೋಡುತ್ತೇನೆ. ಬೈಯುವುದಿಲ್ಲ. ಕೈ ಚಾಚಿ ಕಾಯುತ್ತೇನೆ. ಕೊನೆಗೆ ಅಂಗೈಯಲ್ಲಿ ಉಗುಳುತ್ತಾರೆ.

ಅನಿಕೇತ ಗುರುವಾರದ ಹಬ್ಬದೂಟಕ್ಕೆ ಬರ್ಕ್ಲಿಯಿಂದ ಇವತ್ತೇ ಬಂದಿದ್ದಾನೆ. ಮೇಜಿನ ಮೇಲೆ ನಿನ್ನ ಲಕೋಟೆ ನೋಡಿ ‘ಅಮ್ಮಾ, ವೈ ಡೋಂಟ್ ಯು ಗೈಸ್ ಜಸ್ಟ್ ಟಾಕ್?’ ಅಂದ. ‘ಮಾತಾಡೇ ಇಷ್ಟಾಗೇದಪ್ಪಾ’ ಅಂದೆ. ಅರ್ಥವಾಯಿತೋ ಇಲ್ಲವೋ, ಫ್ರಿಜ್ ತೆಗೆದು ನಿಂತ.

ನಡುವೆ ಏನಿದೆ, ಬರಿ. ಬರೆಯದಿದ್ದರೆ ಇದು ನನ್ನ ಕೊನೆಯ ಕಾಗದ.

ಆರತಿ


ಓಕ್ಲ್ಯಾಂಡ್
9 ಜನವರಿ 2026

ವೈನಿಗೆ,

ಆರು ವಾರ ತೆಗೆದುಕೊಂಡೆ. ಬಿಟ್ಟ ಸಾಲುಗಳು ಇವು.

‘ಸೆಪ್ಟೆಂಬರಿನಲ್ಲಿ ಎದೆಯ ಎಕೋ ಮಾಡಿದ್ದರು. ಹೃದಯದ ಡಾಕ್ಟರನ್ನು ಕಾಣಬೇಕು ಅಂದಿದ್ದರು. ಆ ಅಪಾಯಿಂಟ್‌ಮೆಂಟು ಸರಿಯಾಗಿ ಈ ಪ್ರವಾಸದ ವಾರಕ್ಕೇ ಬಿತ್ತು. ರಿಪೋರ್ಟನ್ನು ತಂಗಿ ದೀಪಿಗೆ ಕಳಿಸಿದೆ. ನೋಡಿದೆ, ಗಾಬರಿ ಆಗೋ ಅಂಥದ್ದು ಏನಿಲ್ಲ ಎಂದು ಬರೆದಳು. ಆಸ್ಪತ್ರೆಯಲ್ಲೇ ಇರುವವಳು, ಅವಳಿಗೆ ತಿಳಿಯದ್ದೇನು. ಅಪಾಯಿಂಟ್‌ಮೆಂಟು ರದ್ದು ಮಾಡಿ ಬಂದೆ. ಈ ಬೋರ್ಡು ನನಗಲ್ಲ.’

‘ಆಮೇಲೆ ಮೇಲೆ ಹೋದೆ’ ಎಂಬುದು ಇದರ ನಂತರ ಬರುತ್ತದೆ.

ಆ ಅಜ್ಜಿಯ ಮುಂದೆ ಇದನ್ನು ಓದಿದಾಗ ನನಗೆ ಏನೂ ನೆನಪಾಗಲಿಲ್ಲ. ನನ್ನನ್ನು ಹೆದರಿಸಿದ್ದು ಅದು. ಅಣ್ಣ ರಿಪೋರ್ಟು ಕಳಿಸಿದ್ದಾಗಲಿ ನಾನು ಉತ್ತರಿಸಿದ್ದಾಗಲಿ, ಎಲ್ಲಿ ಕೂತಿದ್ದೆ, ಏನು ಮಾಡುತ್ತಿದ್ದೆ, ಒಂದೂ ಇಲ್ಲ. ಅವನು ತಪ್ಪು ತಿಳಿದಿರಬೇಕು, ಬೇರೆ ಯಾರಿಗೋ ಕಳಿಸಿರಬೇಕು ಎಂದು ವಿಮಾನದಲ್ಲಿ ಹನ್ನೊಂದು ಗಂಟೆ ಅಂದುಕೊಂಡು ಬಂದೆ.

ಮನೆಗೆ ಬಂದು ಹಳೆಯ ಫೋನನ್ನು ಹುಡುಕಿ ಚಾರ್ಜಿಗೆ ಹಾಕಿದೆ. ಇದೆ. 2022ರ ಸೆಪ್ಟೆಂಬರ್ 27, ಮಧ್ಯಾಹ್ನ 12.41ಕ್ಕೆ ಅವನ ಪಿಡಿಎಫ್. ‘ದೀಪಿ, ಇದನ್ನೊಂಚೂರು ನೋಡು.’ 12.42ಕ್ಕೆ ನನ್ನ ಉತ್ತರ. ‘ನೋಡಿದೆ ಅಣ್ಣ, ಗಾಬರಿ ಆಗೋ ಅಂಥದ್ದು ಏನಿಲ್ಲ.’ ಆ ಪಿಡಿಎಫ್‌ನ ಮೇಲೆ ಇಳಿಸಿಕೊಳ್ಳುವ ಬಾಣದ ಗುರುತು ಇವತ್ತಿಗೂ ಹಾಗೇ ಇದೆ. ಎಂದರೆ ನಾನದನ್ನು ತೆರೆದೇ ಇಲ್ಲ. ಅವನು ಹೋದ ಮೇಲೆ ಕಾರಿನಲ್ಲಿ ಸಿಕ್ಕ ಕಾಗದವನ್ನು ಹಿಡಿದು ನಿಮ್ಮನ್ನು ಕೇಳಿದಾಗ, ಅದು ನನಗೆ ಮೊದಲೇ ಬಂದಿದ್ದ ಕಾಗದ ಎಂಬುದೂ ನನಗೆ ತಿಳಿದಿರಲಿಲ್ಲ.

ನಾನು ಏನು ಕೆಲಸ ಮಾಡುತ್ತೇನೆಂದು ನಿಮಗೆ ಗೊತ್ತು. ರಕ್ತದ ಟ್ಯೂಬುಗಳಿಗೆ ಬಾರ್‌ಕೋಡ್ ಅಂಟಿಸಿ ಮಷೀನಿಗೆ ಇಡುತ್ತೇನೆ. ನಮ್ಮ ಮನೆತನದಲ್ಲಿ ಆಸ್ಪತ್ರೆಯ ಬ್ಯಾಡ್ಜು ಇರುವವಳು ನಾನೊಬ್ಬಳೇ. ಹದಿನೆಂಟು ವರ್ಷದಿಂದ ಎಲ್ಲರೂ ಕಳಿಸುತ್ತಾರೆ. ಕಾಶವ್ವ ಅತ್ತಿಯ ಮೊಣಕಾಲು, ಹುಬ್ಬಳ್ಳಿಯ ಸಂತೋಷಕುಮಾರನ ಶುಗರು, ಅವನ ಹೆಂಡತಿಯ ಥೈರಾಯ್ಡು, ಅವಳ ತಮ್ಮನ ಮಾವನ ಕಿಡ್ನಿ. ಮೊದಮೊದಲು ‘ನಾನು ಡಾಕ್ಟರಲ್ಲ’ ಎನ್ನುತ್ತಿದ್ದೆ. ಅದನ್ನು ವಿನಯ ಎಂದುಕೊಂಡರು. ಆಮೇಲೆ ಹೇಳುವುದನ್ನು ಬಿಟ್ಟೆ. ಅವರಿಗೆ ಬೇಕಾಗಿದ್ದದ್ದು ಯಾರೋ ನೋಡಿದರು ಎಂಬುದು ಮಾತ್ರ, ಹೇಗೂ ಅವರ ಡಾಕ್ಟರು ಇದ್ದೇ ಇರುತ್ತಾರೆ ಎಂದುಕೊಂಡೆ. ಆ ವಾಕ್ಯ ಕೈಗೆ ಕೂತುಬಿಟ್ಟಿತು. ಎರಡು ಅಕ್ಷರ ಒತ್ತಿದರೆ ಉಳಿದದ್ದನ್ನು ಫೋನೇ ಪೂರ್ತಿ ಮಾಡುತ್ತಿತ್ತು. ಕೇಳಿಸಿಕೊಳ್ಳುವವರಿಗೆ ನೆಮ್ಮದಿ, ನನಗೂ ಏನೋ ದೊಡ್ಡವಳಾದ ಹಾಗೆ. ನಿಜ ಹೇಳಬೇಕೆಂದರೆ ಆ ದೊಡ್ಡಸ್ತಿಕೆ ನನಗೆ ಹಿತವಾಗಿತ್ತು.

ನಿಮಗೆ ಆ ನಕಲು ಬರೆಯುವಾಗ ಪೆನ್ನು ನಿಂತದ್ದು ನಿಜ. ಬಿಟ್ಟುಬಿಡಲು ನಿರ್ಧರಿಸಿದೆ ಎಂದು ಹೇಳಲಾರೆ. ಕೈ ಮುಂದಿನ ಸಾಲಿಗೆ ಹೋಯಿತು. ಆ ಮಧ್ಯಾಹ್ನವೂ ಕೈಯೇ ಉತ್ತರ ಬರೆದಿತ್ತು. ನಾನು ಎಲ್ಲಿರುತ್ತೇನೆ, ಇಂಥ ಹೊತ್ತಿನಲ್ಲಿ?

ವಸತಿಮನೆಯಿಂದ ಹೊರಡುವ ಬೆಳಿಗ್ಗೆ ಅಜ್ಜಿ ನೋಟ್‌ಬುಕ್ಕನ್ನು ನನ್ನ ಮುಂದೆಯೂ ಇಟ್ಟಳು. ಒಳ್ಳೆಯದು ಕೆಟ್ಟದ್ದು ಎರಡೂ ಬರೆಯಬೇಕು. ಅಣ್ಣನ ಪುಟದ ಅಂಚಿನಲ್ಲಿ ನನ್ನ ಹೆಸರು ಮಾತ್ರ ಬರೆದು ಬಂದೆ.

ಕಾಶವ್ವ ಅತ್ತಿಗೆ ಫೋನು ಮಾಡಿ, ನನಗೆ ಎಕ್ಸ್‌ರೇ ನೋಡಲು ಬರುವುದಿಲ್ಲ, ಹಿಂದೆ ಹೇಳಿದ್ದೆಲ್ಲ ಸುಳ್ಳು ಅಂದೆ. ‘ಅಮೇರಿಕಾದಾಗ ಕುಂತು ಭಾಳ ದೊಡ್ಡಾಕಿ ಆಗೀ ಬಿಡವಾ’ ಎಂದು ಇಟ್ಟುಬಿಟ್ಟಳು. ಇನ್ನೂ ಹತ್ತೊಂಬತ್ತು ಜನರಿಗೆ ಹೇಳುವುದಿದೆ.

ಕ್ಷಮಿಸಿ ಎಂಬ ಮಾತನ್ನು ನಾಲ್ಕು ಸಲ ಬರೆದು ಹೊಡೆದುಹಾಕಿದೆ. ಆ ಮಾತೂ ಎರಡು ಅಕ್ಷರ ಒತ್ತಿದರೆ ತಾನಾಗಿ ಬರುವ ಜಾತಿಯದ್ದು. ನಲವತ್ತು ಜನರನ್ನು ಮತ್ತೆ ಕರೆಯಿರಿ. ಅವರ ಮುಂದೆ ಈ ಕಾಗದ ಓದಿ. ನಾನು ಬಂದು ನಿಲ್ಲುತ್ತೇನೆ.

ದೀಪಾಲಿ


ಗಿಲ್‌ರಾಯ್
21 ಜನವರಿ 2026

ದೀಪಾ,

ನನಗೆ ಗೊತ್ತಿತ್ತು.

ಅವರು ಹೋದ ಮೂರನೇ ದಿನ ಅವರ ಫೋನು ತೆರೆದೆ. ಅನಿಕೇತನ ಹುಟ್ಟಿದ ದಿನವೇ ಅದರ ಕೀಲಿ. ಯಾರಿಗೆ ತಿಳಿಸಬೇಕು, ಯಾರಿಗೆ ಬಿಟ್ಟುಹೋಗಿದೆ ಎಂದು ನೋಡುತ್ತಿದ್ದೆ. ನಿನ್ನ ಹೆಸರಿನಲ್ಲಿ ಆ ಸಾಲು ಸಿಕ್ಕಿತು. 12.41, 12.42. ಆ ಎರಡು ವೇಳೆಗಳನ್ನು ನಾನು ನಿನಗಿಂತ ಮೊದಲೇ ಬಾಯಿಪಾಠ ಮಾಡಿದ್ದೇನೆ.

ನೀನು ಹಾಲಿನಲ್ಲಿ ನಿಂತು ‘ಗೊತ್ತಾಗಲಿಲ್ಲೇನ್ರಿ’ ಎಂದಾಗ ಆ ಫೋನು ನನ್ನ ಸ್ವೆಟರಿನ ಜೇಬಿನಲ್ಲಿತ್ತು. ಕೈಯೂ ಅದರ ಮೇಲಿತ್ತು. ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ನಿನ್ನ ಮುಖ ನೋಡಿದೆ. ನಿನಗೆ ನಿಜವಾಗಿಯೂ ನೆನಪಿಲ್ಲ ಎಂದು ತಿಳಿಯಿತು. ಒಂದೇ ತಿಂಗಳಲ್ಲಿ ಈ ಮನೆಯಿಂದ ಎರಡನೇ ಹೆಣ ಎತ್ತಲು ನನಗೆ ಶಕ್ತಿ ಇರಲಿಲ್ಲ.

ಆ ಸಂಜೆಯೇ ನಿನ್ನನ್ನು ಬ್ಲಾಕ್ ಮಾಡಿದೆ. ಸಿಟ್ಟಿನಿಂದ ಅಲ್ಲ, ಅಥವಾ ಸಿಟ್ಟಿನಿಂದ ಮಾತ್ರ ಅಲ್ಲ. ಯಾವತ್ತೋ ಒಂದು ದಿನ ತಡೆಯಲಾರದೆ ಆ ಸಾಲನ್ನು ನಿನಗೆ ಕಳಿಸಿಬಿಡುತ್ತೇನೆಂದು ಹೆದರಿದೆ.

ನನ್ನನ್ನು ದೊಡ್ಡವಳೆಂದು ತಿಳಿಯಬೇಡ. ನೀನು ಅವರಿಗೆ ಆ ಉತ್ತರ ಕಳಿಸಿದ ದಿನ ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಇವರು ಬಂದು ಬಾಗಿಲಲ್ಲಿ ನಿಂತರು. ‘ದೀಪಿ ರಿಪೋರ್ಟ್ ನೋಡ್ಯಾಳ, ಏನಿಲ್ಲಂತ.’ ‘ಛಲೋ ಆತು’ ಅಂದೆ. ಯಾವ ರಿಪೋರ್ಟು ಎಂದು ಕೇಳಲಿಲ್ಲ. ಕೇಳಿದರೆ ಏನಾದರೂ ಇರಬಹುದಿತ್ತು. ರೊಟ್ಟಿ ಮಗುಚಿದೆ. ನಿನಗೆ ಒಂದು ನಿಮಿಷವಾದರೂ ಹಿಡಿಯಿತು, ನನಗೆ ಅಷ್ಟೂ ಹಿಡಿಯಲಿಲ್ಲ. ಅದಕ್ಕೇ ನೀನು ಕೇಳಿದಾಗ ಬಾಯಿ ಬರಲಿಲ್ಲ. ನಿನ್ನ ಪ್ರಶ್ನೆ ತಪ್ಪಾಗಿರಲಿಲ್ಲ ದೀಪಾ. ಕೇಳಿದವಳು ತಪ್ಪಾಗಿದ್ದಳು.

ಜಪಾನಿನಿಂದ ನಿನ್ನ ಕಾಗದ ಬಂದಾಗ, ಬೆರಳಲ್ಲಿ ರಕ್ತವಿರಲಿಲ್ಲ ಎಂದು ಬರೆದಿದ್ದೆಯಲ್ಲ, ಆ ಪುಟದಲ್ಲಿ ಏನಿದೆಯೆಂದು ಊಹಿಸಿದೆ. ನಕಲು ಕೇಳಿದೆ. ನೀನು ಬಿಡುತ್ತೀಯೋ ಬರೆಯುತ್ತೀಯೋ ನೋಡಬೇಕಿತ್ತು. ಮೊದಲು ಬಿಟ್ಟೆ. ಆಮೇಲೆ ಬರೆದೆ. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ. ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ, ಅದು ನನಗೂ ಇನ್ನೂ ತಿಳಿದಿಲ್ಲ. ನಲವತ್ತು ಜನರನ್ನು ಕರೆಯುವುದೂ ಇಲ್ಲ. ಅಷ್ಟು ಜನಕ್ಕೆ ಅಡುಗೆ ಮಾಡುವವರು ಯಾರು.

ಈ ಲಕೋಟೆಯಲ್ಲಿ ಇನ್ನೂ ಮೂರು ಹಾಳೆ ಇವೆ. ನನ್ನವು. ಹೋದ ವಾರ ಎದೆಯ ಮ್ಯಾಮೊಗ್ರಾಮ್ ಮಾಡಿದರು. ಎಡಗಡೆ ಏನೋ ಕಂಡಿದೆಯಂತೆ, ಫೆಬ್ರವರಿ ಐದಕ್ಕೆ ಮತ್ತೊಂದು ಪರೀಕ್ಷೆಗೆ ಕರೆದಿದ್ದಾರೆ. ಅನಿಕೇತನಿಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ.

ಓದು. ಓದಿ ಬರಿ. ‘ನೋಡಿದೆ’ ಎಂದು ಮಾತ್ರ ಬರೆಯಬೇಡ.

ಆರತಿ


ಓಕ್ಲ್ಯಾಂಡ್
26 ಜನವರಿ 2026

ವೈನಿ,

ನಿಮಗೆ ಗೊತ್ತಿತ್ತು ಎಂಬ ಮಾತಿನ ಬಗ್ಗೆ ಈಗ ಏನೂ ಬರೆಯಲಾರೆ.

ಮೂರು ಹಾಳೆಯನ್ನೂ ಓದಿದೆ. ಒಂದೊಂದನ್ನೂ ನಾಲ್ಕು ಸಲ. ಎರಡನೇ ಹಾಳೆಯ ಕೆಳಗೆ ಎಂಟು ಮಿಲಿಮೀಟರಿನ ಒಂದು ನೆರಳಿನ ಬಗ್ಗೆ ಬರೆದಿದ್ದಾರೆ. ಅದರ ಅಂಚು ಸ್ಪಷ್ಟವಿಲ್ಲ, ಹಳೆಯ ಚಿತ್ರದಲ್ಲಿ ಇದು ಇರಲಿಲ್ಲ ಎಂದಿದ್ದಾರೆ. ಆ ಪದಗಳ ಅರ್ಥ ನನಗೆ ಗೊತ್ತು. ಅದರಿಂದ ನಿಮಗೆ ಏನಾಗಿದೆ, ಏನಾಗಿಲ್ಲ ಎಂಬುದು ನನಗೆ ಗೊತ್ತಾಗಲಿಲ್ಲ.

ಗೊತ್ತಾಗಲಿಲ್ಲ, ವೈನಿ.

ಫೆಬ್ರವರಿ ಐದಕ್ಕೆ ರಜೆ ಹಾಕಿದ್ದೇನೆ. ಬೆಳಿಗ್ಗೆ ಏಳಕ್ಕೆ ನಿಮ್ಮ ಮನೆಯ ಮುಂದೆ ಇರುತ್ತೇನೆ. ನೀವು ಬಾಗಿಲು ತೆರೆಯದಿದ್ದರೆ ಕಾರಿನಲ್ಲೇ ಕೂತಿರುತ್ತೇನೆ. ನೀವು ಗಾಡಿ ತೆಗೆದರೆ ಹಿಂದೆ ಬರುತ್ತೇನೆ.

ದೀಪಿ